ಡ್ರಾಯರಿನಲ್ಲಿ ಕರಿಮಣಿ

ಕ್ಯಾಜುವಲ್ಟಿಯ ಗೋಡೆ ಗಡಿಯಾರ ಏಳು ನಿಮಿಷ ಮುಂದಿದೆ.
ಇರಲಿ, ಬೆಳಗು ಬೇಗ ಬಂದಂತೆ, ಎನ್ನುತ್ತಾನೆ ವಿಠೋಬ ಗುನಗಿ
ಸ್ಟ್ರೆಚರಿನ ಚಕ್ರಕ್ಕೆ ತೆಂಗಿನೆಣ್ಣೆ ಬಿಡುತ್ತ.
ಬದಲಿ ಡಾಕ್ಟರು ಮಾತ್ರ
ತಮ್ಮ ಮೊಬೈಲು ನೋಡಿಕೊಂಡೇ ಬರುತ್ತಾರೆ.

ಎರಡೂವರೆಗೆ ಬೈತಖೋಲದಿಂದ ದಾಮೋದರ ತಾಂಡೇಲ,
ಒಂದು ಕಾಲು ನೆಲಕ್ಕೆ,
ಇನ್ನೊಂದರಲ್ಲಿ ತೊರಕೆ ಬಾಲದ ಮುಳ್ಳು.
ಬಲೆ ಬಿಡಿಸುವಾಗ ಹೊಡೆಯಿತಂತೆ.
ನಾನು ಗದಗದವಳು. ಮೊದಲ ವರ್ಷ ಈ ನೋವಿಗೆ
ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿದ್ದೆ;
ಬಿಸಿನೀರು ಸಾಕು ಮೇಡಂ, ಎಂದವಳು ಸಿಸ್ಟರ್ ಕ್ಲೆಮೆಂಟಿನಾ.
ಪುಸ್ತಕದಲ್ಲೂ ಇತ್ತು. ಆ ಪುಟ ಓದಿರಲಿಲ್ಲ,
ಗದಗಿನಲ್ಲಿ ಯಾರಿಗೆ ಬೇಕು ಆ ಪುಟ.
ಈಗ ಹೆರಿಗೆ ವಾರ್ಡಿನ ಕೆಟಲ್ಲು ತರಿಸಿ
ಬಕೆಟ್ಟಿಗೆ ಸುರಿದು ಮೊಣಕೈ ಅದ್ದಿ ನೋಡುತ್ತೇನೆ,
ಕೂಸಿಗೆ ಎರೆಯುವ ಹದಕ್ಕಿಂತ ತುಸು ಹೆಚ್ಚು.
ಪಾದ ಇಳಿಸಿದ ಅರ್ಧ ಗಂಟೆಗೆ ಅವನ ಮುಖ ಬಿಚ್ಚಿಕೊಂಡಿತು.
ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ನಿದ್ದೆ ಹೋದ.
ಇಡೀ ರಾತ್ರಿ ನಾನು ಪೂರ್ತಿ ವಾಸಿ ಮಾಡಿದ್ದು
ಅದೊಂದೇ.

ಮೂರೂ ಹತ್ತಕ್ಕೆ ತೊಡೂರಿನ ಹೊನ್ನಮ್ಮ ಗೌಡ
ರಿಕ್ಷಾದಿಂದ ತಾನೇ ಇಳಿದು ಬಂದಳು.
‘ಎದೆ ಮೇಲೆ ಯಾರೋ ಕೂತಾಂಗೆ ಆತದೆ.’
ಯಾರು, ಎಂದೆ, ನಾಡಿ ಹಿಡಿದು.
‘ಗೊತ್ತಿದ್ರೆ ಎಬ್ಬಿಸ್ತಿರ್ಲಿಲ್ವಾ.’

ಕೊರಳಿಂದ ಎದೆಯವರೆಗೆ ಕರಿಮಣಿ,
ಕರಿಮಣಿಯ ಮೇಲೆ ಹಳದಿ, ಹಳದಿಯ ಮೇಲೆ ಮತ್ತೆ ಕರಿ.
ಇಸಿಜಿಯ ರಬ್ಬರು ಬಟ್ಟಲಿಗೆ ಜಾಗವಿಲ್ಲ.
ಸಿಸ್ಟರ್ ಒಂದೊಂದೇ ಸರ ತಲೆಯ ಮೇಲಿಂದ ತೆಗೆದಳು,
ಹದಿನಾಲ್ಕಕ್ಕೆ ನಾನು ಎಣಿಕೆ ಬಿಟ್ಟೆ.
ಕಿಡ್ನಿ ಟ್ರೇ ತುಂಬಿ ಚೆಲ್ಲುವಂತಾಯಿತು.
ಅಡಿಯಲ್ಲಿ ಬಿಸಿಲು ಕಂಡಿರದ ಕೊರಳು,
ಹದಿನಾರರ ಹುಡುಗಿಯದು.
ಎದೆಯ ಮೇಲೆ ಕೂತವನನ್ನು ಮರೆತು
ಅವಳು ಕೊರಳಿಗೆ ಕೈ ಅಡ್ಡ ಹಿಡಿದಳು.

ಕಾಗದದ ಮೇಲೆ ಗುಡ್ಡ ಎದ್ದಿತ್ತು.
ಗುಳಿಗೆ ಅಗಿಸಿ, ಕರಗಿಸುವ ಮದ್ದು ಹನಿಸಿ,
ಮುಂದಿನದಕ್ಕೆ ಬೇಕಾದ ಕೋಣೆ ನಮ್ಮಲ್ಲಿಲ್ಲ.
ತೆಂಕಿಗೆ ಮಣಿಪಾಲ, ಬಡಗಿಗೆ ಗೋವಾ,
ನಡುವೆ ಲೆಟರ್‌ಹೆಡ್ಡು, ನಾನು.
ಒಂಬತ್ತು ವರ್ಷದಲ್ಲಿ ನನ್ನ ಕೈಬರಹ ಪೂರಾ ಕೆಟ್ಟಿದೆ,
‘ರೆಫರ್’ ಎಂಬ ಒಂದು ಪದ ಮಾತ್ರ
ಮುತ್ತು ಪೋಣಿಸಿದ ಹಾಗೆ.
ಮೊಮ್ಮಗ ಚೀಟಿ ಓದಿದ. ತಿರುಗಿಸಿ
ಹಿಂದೆಯೂ ಏನಾದರೂ ಇದೆಯೇ ನೋಡಿದ.

ಕೋಡಿಬಾಗದವರೆಗೆ ಸೈರನ್ನು ಕೇಳಿಸಿತು,
ಆಮೇಲೆ ಕಾಳಿ ಸೇತುವೆ, ಆಮೇಲೆ ಬರೀ ಕಡಲು.
ಮಾಜಾಳಿಯಿಂದ ಡ್ರೈವರ್ ಉಮಾಕಾಂತನ ಫೋನು:
‘ಮಾತಾಡ್ತಿದ್ದಾಳೆ ಮೇಡಂ.
ಕೊರಳು ಮಾತ್ರ ಮುಟ್ಟಿ ಮುಟ್ಟಿ ನೋಡ್ಕೋತಾಳೆ.’

ತಿರುಗಿ ನೋಡಿದೆ. ಟ್ರೇ.

ಗಡಿ ದಾಟಿದ ಮೇಲೆ ಅವನ ಫೋನು ಹತ್ತಲಿಲ್ಲ.
ತಣ್ಣಗಾದ ನೀರಿನಲ್ಲಿ ದಾಮೋದರ ಎಚ್ಚೆತ್ತ,
ಸರಗಳ ರಾಶಿ ನೋಡಿ ದನಿ ತಗ್ಗಿಸಿ,
‘ಹೋದಳಾ?’ ಅಂದ.
ಗೋವಾಕ್ಕೆ, ಅಂದೆ.
ಯಾಕೋ ಗದರಿಸಿದಂತೆ ಕೇಳಿಸಿತು.

ಪ್ಲಾಸ್ಟರ್ ತುಂಡಿನ ಮೇಲೆ ಹೆಸರು ಬರೆದು ಅಂಟಿಸಿ
ಡ್ರಾಯರಿಗೆ ಹಾಕಿದೆ. ‘ವಿಶೇಷ ಏನಾದರೂ?’ ಎಂದರು ಬದಲಿ ಬಂದವರು.
ಒಂದು ತೊರಕೆ, ಒಂದು ರೆಫರ್.
ಮನೆಯಲ್ಲಿ ಕಿಟಕಿಗೆ ಟವೆಲ್ಲು ಕಟ್ಟಿ ಮಲಗಿದರೆ
ಬಂಗುಡೆ ಮಾರುವವಳು ನನ್ನ ಬಾಗಿಲಿಗೇ ಬಂದು ಕೂಗುತ್ತಾಳೆ.

ಹನ್ನೊಂದು ದಿನಕ್ಕೆ ಮತ್ತೆ ನೈಟ್.
ಡ್ರಾಯರು ಖಾಲಿ.
ಹಗಲು ಯಾರೋ ಒಯ್ದರಂತೆ. ಯಾರು?
ಹಗಲಿನವರಿಗೆ ಗೊತ್ತು, ಎಂದಳು ಕ್ಲೆಮೆಂಟಿನಾ.
ರಿಜಿಸ್ಟರಿನಲ್ಲಿ, ಹೆಸರಿನ ಎದುರು, ನೀಲಿ ಹೆಬ್ಬೆಟ್ಟು.

ಮೊಮ್ಮಗನಿಗೆ ಓದು ಬರುತ್ತದೆ, ಅವನಾದರೆ ಸಹಿ ಹಾಕುತ್ತಿದ್ದ.
ಮನೆಯಲ್ಲಿ ಇನ್ನೂ ಹೆಂಗಸರಿರಬಹುದು.
ಪುಟವನ್ನು ಟ್ಯೂಬ್‌ಲೈಟಿಗೆ ಹಿಡಿದೆ,
ಗೆರೆಗಳಿಗೆ ವಯಸ್ಸು ತಿಳಿಯುವುದಿಲ್ಲ.

‘ಮೇಡಂ,’ ಎಂದ ವಿಠೋಬ.
ಹೊರಗೆ ರಿಕ್ಷಾ ನಿಂತಿತು.